ಹತ್ತು ವರ್ಷದ ಎದೆಯುರಿ ಕ್ಯಾನ್ಸರ್‌ಗೆ ತಿರುಗುತ್ತದೆಯೇ?

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಹತ್ತು ವರ್ಷದಿಂದ ಎದೆಯುರಿ, ಹುಳಿತೇಗು ಕಾಡುತ್ತಿವೆ. ಬೆಳಗ್ಗೆ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗದಿದ್ದರೆ ಆ ದಿನ ನೆಮ್ಮದಿಯಿಲ್ಲ. ಇದನ್ನು ಹೀಗೇ ಬಿಟ್ಟರೆ ಅನ್ನನಾಳದ ಕ್ಯಾನ್ಸರ್ ಆಗುತ್ತದೆ ಎಂದು ಭಾವಮೈದ ಹೆದರಿಸಿದ್ದಾನೆ. ಮಾತ್ರೆಯಿಂದಲೇ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶವೂ ಮೊಬೈಲ್‌ಗೆ ಬಂದಿದೆ. ಯಾವುದು ನಿಜ? ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಸಿಗರೇಟು ಬಿಟ್ಟು ಐದು ವರ್ಷವಾಯಿತು. ಊಟವಾದ ಮೇಲೆ ಹೊಗೆಸೊಪ್ಪಿನ ಜೊತೆ ಎಲೆಅಡಿಕೆ ಹಾಕುವುದೊಂದು ಬಿಟ್ಟರೆ ಬೇರೆ ದುರಭ್ಯಾಸವಿಲ್ಲ.

ಉತ್ತರ: ಎದೆಯುರಿ ಇರುವವರಲ್ಲಿ ಬಹುತೇಕ ಯಾರಿಗೂ ಈ ಕ್ಯಾನ್ಸರ್ ಬರುವುದಿಲ್ಲ. ಆದರೂ ನಿಮ್ಮ ಭಾವಮೈದನ ಮಾತಿಗೆ ಬುಡವೇ ಇಲ್ಲ ಎನ್ನುವಂತಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಮಾತ್ರ ಎದೆಯುರಿಯಲ್ಲ, ಕೊನೆಯ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ; ಮೊದಲು ಕೇಳಿದ್ದಕ್ಕೆ ಉತ್ತರ.

ಹೆದರಿಕೆಯ ಮೂಲ 1999ರಲ್ಲಿ ಸ್ವೀಡನ್ನಿನಿಂದ ಬಂದ ಒಂದು ಅಧ್ಯಯನ. ಅನ್ನನಾಳದ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಡಿನೋಕಾರ್ಸಿನೋಮ, ಸಾಮಾನ್ಯವಾಗಿ ಅನ್ನನಾಳ ಜಠರವನ್ನು ಸೇರುವ ಕೆಳತುದಿಯಲ್ಲಿ ಹುಟ್ಟುವಂಥದ್ದು. ಇನ್ನೊಂದು ಸ್ಕ್ವೇಮಸ್ ಕಾರ್ಸಿನೋಮ, ಹೆಚ್ಚಾಗಿ ಮೇಲಿನ ಮತ್ತು ನಡುವಿನ ಭಾಗದಲ್ಲಿ ಬರುವಂಥದ್ದು. ಸ್ವೀಡನ್ನಿನ ಸಂಶೋಧಕರು ಈ ಎರಡೂ ಬಗೆಯ ರೋಗಿಗಳನ್ನು ಮತ್ತು ಆರೋಗ್ಯವಂತರನ್ನು ಮಾತನಾಡಿಸಿ, ಹಿಂದಿನ ವರ್ಷಗಳಲ್ಲಿ ಎದೆಯುರಿ ಇತ್ತೇ ಎಂದು ಕೇಳಿದರು. ಪದೇ ಪದೇ ಎದೆಯುರಿ ಇದ್ದವರಿಗೆ ಮೊದಲ ಬಗೆಯ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎಂಟು ಪಟ್ಟು. ತೀವ್ರವಾದ ಉರಿ ದೀರ್ಘಕಾಲ ಇದ್ದವರಲ್ಲಿ ನಲವತ್ಮೂರು ಪಟ್ಟು. ಎರಡನೆಯ ಬಗೆಗೂ ಎದೆಯುರಿಗೂ ನಂಟೇ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ, ಅಡಿನೋಕಾರ್ಸಿನೋಮ ಬಂದವರ ಪೈಕಿ ನೂರಕ್ಕೆ ನಲವತ್ತು ಜನರಿಗೆ ಎದೆಯುರಿಯೇ ಇರಲಿಲ್ಲ ಎಂಬುದನ್ನು ಹೆದರಿಸುವವರು ಹೇಳುವುದಿಲ್ಲ.

ನಲವತ್ಮೂರು ಪಟ್ಟು ಎಂದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಎಷ್ಟರ ನಲವತ್ಮೂರು ಪಟ್ಟು ಎಂದು ಕೇಳಬೇಕು. ಅದಕ್ಕೆ ಒಳ್ಳೆಯ ಉತ್ತರ 2023ರಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್ ಮೂರೂ ದೇಶಗಳ ದಾಖಲೆಗಳಿಂದ ಸಿಕ್ಕಿತು. ಆಮ್ಲ ಮೇಲೆ ಬರುವ ತೊಂದರೆಗಾಗಿ ಎಂಡೋಸ್ಕೋಪಿ (ಗಂಟಲಿನಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಿಕೊಂಡ ಸುಮಾರು ನಾಲ್ಕು ಲಕ್ಷ ಎಂಬತ್ತಾರು ಸಾವಿರ ಜನರನ್ನು, ಕೆಲವರನ್ನು ಮೂವತ್ತೊಂದು ವರ್ಷದವರೆಗೂ, ಹಿಂಬಾಲಿಸಿ ನೋಡಿದ ಅಧ್ಯಯನವದು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಒಳಪದರ ಹುಣ್ಣಾಗದೆ ಚೆನ್ನಾಗಿ ಕಂಡವರಲ್ಲಿ ವರ್ಷಕ್ಕೆ ಲಕ್ಷಕ್ಕೆ ಹನ್ನೊಂದು ಮಂದಿಗೆ ಅಡಿನೋಕಾರ್ಸಿನೋಮ ಬಂತು. ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ಬರುವುದೂ ಹೆಚ್ಚುಕಡಿಮೆ ಅಷ್ಟೇ! ಒಳಪದರ ಸವೆದು ಹುಣ್ಣಾಗಿದ್ದವರಲ್ಲಿ ಲಕ್ಷಕ್ಕೆ ಮೂವತ್ತೊಂದು. ಹೆಚ್ಚು ಹೌದು, ಆದರೂ ಒಂದು ಲಕ್ಷದಲ್ಲಿ ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರಕ್ಕೂ ಹೆಚ್ಚು ಜನ ಆ ವರ್ಷವನ್ನು ಈ ರೋಗವಿಲ್ಲದೆ ದಾಟಿದರು. ಉರಿ ಎಷ್ಟು ಜೋರು ಎನ್ನುವುದಕ್ಕಿಂತ ಒಳಪದರ ಹೇಗಿದೆ ಎನ್ನುವುದು ಮುಖ್ಯ. ನಿಮ್ಮಂಥವರಿಗೆ ಇಷ್ಟು ಉಪಯೋಗಕ್ಕೆ ಬರುವ ಸಂಶೋಧನೆ ಈಚೆಗೆ ಬಂದಿಲ್ಲ ಎಂದೇ ನನ್ನ ಎಣಿಕೆ.

ಒಳಪದರದ ಕತೆ ಹೀಗೆ. ಜಠರದ ಗೋಡೆಗೆ ಆಮ್ಲವನ್ನು ತಾಳಿಕೊಳ್ಳುವ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅದಿಲ್ಲ. ಎರಡರ ನಡುವಿನ ಬಿಗಿಸ್ನಾಯು ಸಡಿಲವಾದಾಗ, ಅಥವಾ ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತಿದಾಗ, ಆಮ್ಲ ಮತ್ತು ಕೆಲವೊಮ್ಮೆ ಅದರ ಜೊತೆಗೆ ಪಿತ್ತರಸ ಮೇಲೇರಿ ಒಳಪದರವನ್ನು ಸುಡುತ್ತವೆ. ವರ್ಷಗಟ್ಟಲೆ ಸುಟ್ಟು ಮಾಗುವ ಈ ಕೆಲಸದಲ್ಲಿ ಕೆಲವರ ಅನ್ನನಾಳದ ಕೆಳತುದಿ ತನ್ನ ಮೂಲ ಪದರವನ್ನು ಬಿಟ್ಟು ಕರುಳಿನ ಬಗೆಯ ಪದರವನ್ನು ಬೆಳೆಸಿಕೊಳ್ಳುತ್ತದೆ. ಇದೇ ಬ್ಯಾರೆಟ್ ಅನ್ನನಾಳ. ಲಂಡನ್ನಿನ ಶಸ್ತ್ರಚಿಕಿತ್ಸಕ ನಾರ್ಮನ್ ಬ್ಯಾರೆಟ್ 1950ರಲ್ಲಿ ಇದನ್ನು ವಿವರಿಸಿದಾಗ, ಮೇಲಕ್ಕೆ ಎಳೆದುಕೊಂಡ ಜಠರವೇ ಇದು ಎಂದು ವಾದಿಸಿದ್ದರು. ಅಲ್ಲ, ಇದು ಅನ್ನನಾಳವೇ ಎಂದು 1953ರಲ್ಲಿ ತೋರಿಸಿಕೊಟ್ಟವರು ಆಲಿಸನ್ ಮತ್ತು ಜಾನ್‌ಸ್ಟೋನ್. ಬ್ಯಾರೆಟ್ 1957ರಲ್ಲಿ ಒಪ್ಪಿಕೊಂಡರು, ಹೆಸರು ಮಾತ್ರ ಅವರದ್ದೇ ಉಳಿಯಿತು.

ಅಡಿನೋಕಾರ್ಸಿನೋಮ ಹುಟ್ಟುವ ನೆಲ ಈ ಬದಲಾದ ಪದರ. ಇಲ್ಲೂ ಅಂಕಿಗಳು ಮೊದಲು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಬ್ಯಾರೆಟ್ ಇದ್ದವರಲ್ಲಿ ವರ್ಷಕ್ಕೆ ಇನ್ನೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2011ರಲ್ಲಿ ಡೆನ್ಮಾರ್ಕಿನ ಹನ್ನೊಂದು ಸಾವಿರ ರೋಗಿಗಳ ಲೆಕ್ಕ ತೆಗೆದಾಗ ಅದು ವರ್ಷಕ್ಕೆ ಶೇ. 0.12 ಮಾತ್ರ ಎಂದು ತಿಳಿಯಿತು. ಸಾವಿರಕ್ಕೆ ಒಬ್ಬರು, ಮೇಲೆ ಚೂರು.

ಇನ್ನು ಮಾತ್ರೆಯ ವಿಚಾರ. ಬ್ರಿಟನ್ನಿನಲ್ಲಿ ಮತ್ತು ಸ್ವಲ್ಪ ಮಟ್ಟಿಗೆ ಕೆನಡಾದಲ್ಲಿ ನಡೆದ ಆಸ್ಪೆಕ್ಟ್ ಎಂಬ ಪ್ರಯೋಗ, ಮಾತ್ರೆಯಿಂದ ಕ್ಯಾನ್ಸರ್ ತಪ್ಪುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಿತು. ಬ್ಯಾರೆಟ್ ಇದ್ದ 2,557 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಕೆಲವರಿಗೆ ನಿಮ್ಮ ಪ್ಯಾಂಟೊಪ್ರಜೋಲ್‌ನಂತೆಯೇ ಆಮ್ಲ ತಗ್ಗಿಸುವ ಇಸೋಮೆಪ್ರಜೋಲ್ ದಿನಕ್ಕೆ ಒಮ್ಮೆ 20 ಮಿಲಿಗ್ರಾಂ, ಕೆಲವರಿಗೆ ದಿನಕ್ಕೆರಡು ಬಾರಿ 40 ಮಿಲಿಗ್ರಾಂ ಕೊಟ್ಟರು. ಎರಡೂ ಕಡೆ ಅರ್ಧ ಜನರಿಗೆ ಜೊತೆಯಲ್ಲಿ ಆಸ್ಪಿರಿನ್. ಸುಮಾರು ಒಂಬತ್ತು ವರ್ಷ ಕಾದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು, ಕ್ಯಾನ್ಸರ್, ಕ್ಯಾನ್ಸರ್‌ಗೆ ತೀರ ಹತ್ತಿರದ ಹಂತ, ಈ ಮೂರನ್ನೂ ಕೂಡಿಸಿ ಎಣಿಸಿದಾಗ ಹೆಚ್ಚು ಪ್ರಮಾಣದ ಮಾತ್ರೆ ಪಡೆದ 1,270 ಜನರಲ್ಲಿ 139, ಕಡಿಮೆ ಪ್ರಮಾಣ ಪಡೆದ 1,265 ಜನರಲ್ಲಿ 174. ಆಸ್ಪಿರಿನ್ನೂ ಸೇರಿದ್ದ ಗುಂಪಿನ ಫಲಿತಾಂಶ ಇನ್ನೂ ಒಳ್ಳೆಯದಿತ್ತು.

ಪತ್ರಿಕೆಗಳು ಇದನ್ನು ಕ್ಯಾನ್ಸರ್ ತಡೆಯುವ ಗ್ಯಾಸ್ಟ್ರಿಕ್ ಮಾತ್ರೆ ಎಂದು ಬರೆದರೆ ಅದು ಅತಿಯಾಯಿತು. ಲಾಭ ಕಂಡದ್ದು ಬ್ಯಾರೆಟ್ ಇದ್ದವರಲ್ಲಿ. ಬರೀ ಎದೆಯುರಿ ಇದ್ದವರನ್ನು ಈ ಪ್ರಯೋಗದಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಇನ್ನು ಆಸ್ಪಿರಿನ್ ಜಠರದಲ್ಲಿ ರಕ್ತಸ್ರಾವ ಮಾಡಿಸಬಲ್ಲ ಔಷಧ; ವೈದ್ಯರು ಹೇಳದೆ ಇದಕ್ಕಾಗಿ ಅದನ್ನು ಶುರು ಮಾಡಬೇಡಿ.

ಮೊಬೈಲ್ ಸಂದೇಶದ ಕತೆ ಬೇರೆ. ಈ ಗುಂಪಿನ ಮಾತ್ರೆ ನುಂಗುವವರಲ್ಲಿ ಜಠರದ ಕ್ಯಾನ್ಸರ್, ಮೂತ್ರಪಿಂಡದ ತೊಂದರೆ, ಮೂಳೆ ಮುರಿತ ಹೆಚ್ಚು ಎಂದು ಕೆಲವು ವರದಿಗಳು ಬಂದದ್ದು ನಿಜ. ಆದರೆ ದಿನಾ ಮಾತ್ರೆ ನುಂಗುವವರು ಮೊದಲೇ ಏನೋ ತೊಂದರೆ ಇದ್ದವರಲ್ಲವೇ? ತೊಂದರೆ ಮಾತ್ರೆಯಿಂದ ಬಂತೋ, ತೊಂದರೆ ಇದ್ದುದಕ್ಕೆ ಮಾತ್ರೆ ಬಂತೋ ಎಂದು ಅಂಥ ವರದಿಗಳಿಂದ ಬಿಡಿಸಿ ಹೇಳುವುದು ಕಷ್ಟ. 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಹದಿನೇಳೂವರೆ ಸಾವಿರ ಹೃದ್ರೋಗಿಗಳಲ್ಲಿ ಅರ್ಧ ಜನರಿಗೆ ನಿಮ್ಮದೇ ಪ್ಯಾಂಟೊಪ್ರಜೋಲ್, ಉಳಿದರ್ಧ ಜನರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ಮೂರು ವರ್ಷ ನೋಡಿದರು. ವ್ಯತ್ಯಾಸ ಕಂಡದ್ದು ಕರುಳಿನ ಸೋಂಕಿನಲ್ಲಿ ಮಾತ್ರ: ನೂರಕ್ಕೆ 1.4 ಮತ್ತು 1.0. ಕ್ಯಾನ್ಸರ್ ವಿಚಾರದಲ್ಲಿ ಮೂರು ವರ್ಷ ಚಿಕ್ಕ ಅವಧಿ ಎಂಬುದನ್ನು ಮರೆಯುವಂತಿಲ್ಲ. ಆದರೂ ಆ ಸಂದೇಶ ಕಳಿಸಿದವರ ಬಳಿ ಇಷ್ಟು ಗಟ್ಟಿಯಾದ ಪುರಾವೆ ಇರಲಾರದು.

ಹಾಗಾದರೆ ನೀವು ಮಾಡಬೇಕಾದ್ದೇನು? ಒಮ್ಮೆ ಎಂಡೋಸ್ಕೋಪಿ ಮಾಡಿಸಿ. ಐವತ್ತು ದಾಟಿದ ಗಂಡಸು, ಬೊಜ್ಜು, ಸಿಗರೇಟಿನ ಹಿನ್ನೆಲೆ, ವರ್ಷಗಳ ಎದೆಯುರಿ: ಬ್ಯಾರೆಟ್ ಹುಡುಕಿ ನೋಡಿ ಎಂದು ಅಮೆರಿಕದ ಜಠರರೋಗ ತಜ್ಞರ ಮಾರ್ಗಸೂಚಿ ಹೇಳುವುದು ಇಂಥವರಿಗೇ. ರಾತ್ರಿಯಿಂದ ಉಪವಾಸವಿದ್ದು ಹೋದರೆ ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ ಕೊಳವೆ ಇಳಿಸುತ್ತಾರೆ. ನೋಡುವ ಕೆಲಸ ಕೆಲವೇ ನಿಮಿಷಗಳದ್ದು. ಗಂಟಲಲ್ಲಿ ಓಕರಿಕೆ ಬರುತ್ತದೆ, ಬರುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಈ ಕೊಳವೆಯ ಭಯಕ್ಕೇ ಕೇಂಬ್ರಿಜ್‌ನ ರೆಬೆಕಾ ಫಿಟ್ಜೆರಾಲ್ಡ್ ಮತ್ತು ಸಂಗಡಿಗರು ಬೇರೆ ಉಪಾಯ ಹುಡುಕಿದ್ದಾರೆ. ದಾರ ಕಟ್ಟಿದ ಒಂದು ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಬೇಕು, ದಾರದ ತುದಿ ಹೊರಗೇ ಇರುತ್ತದೆ. ಕೆಲವು ನಿಮಿಷಗಳಲ್ಲಿ ಜಠರದೊಳಗೆ ಕ್ಯಾಪ್ಸೂಲಿನ ಹೊದಿಕೆ ಕರಗಿ ಮೂರು ಸೆಂಟಿಮೀಟರಿನಷ್ಟು ಸ್ಪಂಜು ಅರಳುತ್ತದೆ. ನರ್ಸ್ ದಾರ ಹಿಡಿದು ಎಳೆದಾಗ ಅದು ಅನ್ನನಾಳದ ಉದ್ದಕ್ಕೂ ಉಜ್ಜಿಕೊಂಡು, ಜೀವಕೋಶಗಳನ್ನು ಅಂಟಿಸಿಕೊಂಡು ಮೇಲೆ ಬರುತ್ತದೆ. ಪ್ರಯೋಗಾಲಯದಲ್ಲಿ ಟಿಎಫ್ಎಫ್3 ಎಂಬ ಪ್ರೋಟೀನಿಗೆ ಬಣ್ಣ ಕೊಟ್ಟು ಬ್ಯಾರೆಟ್ ಕೋಶಗಳಿವೆಯೇ ಎಂದು ನೋಡುತ್ತಾರೆ. 2020ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ, ಎದೆಯುರಿಗೆ ಮಾತ್ರೆ ನುಂಗುತ್ತಿದ್ದ ಹದಿಮೂರು ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಈ ಪರೀಕ್ಷೆಯ ಆಹ್ವಾನ ಹೋಯಿತು. ಆ ಗುಂಪಿನಲ್ಲಿ 140 ಜನರಲ್ಲಿ ಬ್ಯಾರೆಟ್ ಪತ್ತೆಯಾಯಿತು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 13. ಆದರೆ ಪತ್ತೆ ಹಚ್ಚುವುದು ಬೇರೆ, ಜೀವ ಉಳಿಸುವುದು ಬೇರೆ. ಬ್ಯಾರೆಟ್ ಇದ್ದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿ, ಉಳಿದವರಿಗೆ ಬೇಕೆನಿಸಿದಾಗ ಮಾತ್ರ ಎಂದು ಬ್ರಿಟನ್ನಿನಲ್ಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿದಾಗ ಎರಡೂ ಗುಂಪಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಕೋಶಗಳು ಕೆಡತೊಡಗಿದ್ದು ಕಂಡರೆ, ಅಂದರೆ ಡಿಸ್‌ಪ್ಲೇಸಿಯಾ ಇದ್ದರೆ, ಸುಮ್ಮನೆ ಕಾಯುವುದಿಲ್ಲ. ಎಂಡೋಸ್ಕೋಪಿಯ ಮೂಲಕವೇ ರೇಡಿಯೋ ತರಂಗದ ಶಾಖ ಕೊಟ್ಟು ಆ ಪದರವನ್ನು ಸುಟ್ಟು ತೆಗೆಯಬಹುದು. 2009ರ ಅಮೆರಿಕದ ಪ್ರಯೋಗದಲ್ಲಿ ಹೀಗೆ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಆದದ್ದು ನೂರಕ್ಕೆ 1.2, ಪಡೆಯದವರಲ್ಲಿ 9.3.

ಈಗ ನಿಮ್ಮ ಕೊನೆಯ ಸಾಲು. ಇಲ್ಲಿಯವರೆಗೆ ಹೇಳಿದ್ದೆಲ್ಲ ಬಿಳಿಯರ ದೇಶಗಳಲ್ಲಿ ಹೆಚ್ಚಿರುವ ಕ್ಯಾನ್ಸರಿನ ಮಾತು. ಭಾರತದಲ್ಲಿ ಅನ್ನನಾಳದ ಕ್ಯಾನ್ಸರ್ ಎಂದರೆ ಬಹುಪಾಲು ಎರಡನೆಯ ಬಗೆ, ಎದೆಯುರಿಗೆ ಸಂಬಂಧವೇ ಇಲ್ಲದ ಸ್ಕ್ವೇಮಸ್. ಅದರ ಕಾರಣಗಳ ಪಟ್ಟಿಯಲ್ಲಿ ಹೊಗೆಸೊಪ್ಪು, ಬೀಡಿ, ಸಿಗರೇಟು, ಮದ್ಯದ ಜೊತೆ ಎಲೆಅಡಿಕೆಯೂ ಇದೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹೊಗೆಸೊಪ್ಪು ಸೇರಿಸದ ಎಲೆಅಡಿಕೆಯೂ ಬಾಯಿಗೆ ಮಾತ್ರವಲ್ಲ, ಅನ್ನನಾಳಕ್ಕೂ ಅಪಾಯ ಎಂಬುದು ಅದರ ನಿಲುವು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಕುಳಿತು ಇದನ್ನು ಬರೆದರೆ ಮುನಿಸಿಕೊಳ್ಳುವವರಿದ್ದಾರೆ, ಗೊತ್ತು. ನೀವು ದುರಭ್ಯಾಸದ ಲೆಕ್ಕಕ್ಕೇ ತೆಗೆದುಕೊಳ್ಳದ ಅದು, ಅನ್ನನಾಳದ ಮಟ್ಟಿಗೆ, ಹತ್ತು ವರ್ಷದ ಎದೆಯುರಿಗಿಂತ ನನಗೆ ಹೆಚ್ಚು ಚಿಂತೆಯದಾಗಿ ಕಾಣುತ್ತದೆ. ಸಿಗರೇಟು ಬಿಟ್ಟವರಿಗೆ ಇದನ್ನು ಬಿಡುವುದು ಅಸಾಧ್ಯವೇನಲ್ಲ.

ಈ ಬಗೆಯ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಉರಿಯಾಗಿ ಅಲ್ಲ, ನುಂಗುವ ತೊಡಕಾಗಿ. ಮುದ್ದೆ ಅಗಿಯದೆ ನುಂಗುವ ನಮ್ಮವರಿಗೆ ಅದು ಬೇಗ ತಿಳಿಯಬೇಕು: ತುತ್ತು ಎದೆಯ ನಡುವೆ ನಿಂತಂತಾಗಿ ನೀರು ಕುಡಿದ ಮೇಲೆ ಇಳಿಯುತ್ತದೆ. ಆದರೆ ಹೆಚ್ಚಿನವರು ವೈದ್ಯರ ಬಳಿ ಹೋಗುವ ಬದಲು ಊಟವನ್ನೇ ಬದಲಿಸಿಕೊಳ್ಳುತ್ತಾರೆ. ಮುದ್ದೆ, ರೊಟ್ಟಿ ಬಿಟ್ಟು ಅನ್ನ, ಅನ್ನವೂ ಇಳಿಯದಾದಾಗ ಮಜ್ಜಿಗೆಯಲ್ಲಿ ಕಲಸಿದ ಮೆತ್ತನೆಯ ಅನ್ನ, ಆಮೇಲೆ ಗಂಜಿ. ನಡುವೆ ಔಷಧಿ ಅಂಗಡಿಯಿಂದ ಗ್ಯಾಸ್ಟ್ರಿಕ್ ಮಾತ್ರೆ. ಗಂಜಿಯ ಹಂತಕ್ಕೆ ಬರುವಷ್ಟರಲ್ಲಿ ಗಡ್ಡೆ ಚೆನ್ನಾಗಿ ಬೆಳೆದಿರುತ್ತದೆ. ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಟಾರಿನಂತೆ ಕಪ್ಪಗಿನ ಮಲ ಇವುಗಳಲ್ಲಿ ಯಾವುದಿದ್ದರೂ ಎಂಡೋಸ್ಕೋಪಿಯನ್ನು ಮುಂದೂಡಬಾರದು. (ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ ಬೆವರಿದರೆ ಅದು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ, ಮೊದಲು ಇಸಿಜಿ.)

ಚಿಕಿತ್ಸೆಯಲ್ಲಿ ಹೆಚ್ಚು ಬದಲಾವಣೆ ತಂದದ್ದು ಕ್ರಾಸ್ ಎಂಬ ನೆದರ್ಲೆಂಡ್ಸ್‌ನ ಪ್ರಯೋಗ. ಶಸ್ತ್ರಚಿಕಿತ್ಸೆಗೆ ಮುಂಚೆ ಐದು ವಾರ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟಾಗ ರೋಗಿಗಳು ಬದುಕಿದ ಮಧ್ಯಮ ಅವಧಿ (ಅಂದರೆ ಅರ್ಧದಷ್ಟು ಜನ ದಾಟಿ ಬದುಕಿದ ಅವಧಿ) 24 ತಿಂಗಳಿಂದ 49 ತಿಂಗಳಿಗೆ ಏರಿತು ಎಂದು 2012ರಲ್ಲಿ ಅದು ತೋರಿಸಿತು. ಸ್ಕ್ವೇಮಸ್ ರೋಗಿಗಳಲ್ಲಿ ಲಾಭ ಇನ್ನೂ ಹೆಚ್ಚು: ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕೋಶವೇ ಸಿಗಲಿಲ್ಲ. ಅಡಿನೋಕಾರ್ಸಿನೋಮಕ್ಕೆ ಮಾತ್ರ ಈಗ ಫ್ಲಾಟ್ ಎಂಬ ನಾಲ್ಕು ಔಷಧಗಳ ಕೀಮೋ ಇದಕ್ಕಿಂತ ಮೇಲು ಎಂದು ಜರ್ಮನಿಯ ಪ್ರಯೋಗವೊಂದು 2025ರಲ್ಲಿ ತಿಳಿಸಿದೆ: 66 ತಿಂಗಳು, ಕ್ರಾಸ್ ವಿಧಾನದಲ್ಲಿ 37.

ನಾಳೆ ಬೆಳಗ್ಗೆಯ ಮಾತ್ರೆಯನ್ನು ಏನು ಮಾಡಬೇಕು ಎಂದರೆ, ನುಂಗಿ, ಆದರೆ ತಿಂಡಿಗೆ ಅರ್ಧ ಗಂಟೆ ಮೊದಲು. ತಿಂಡಿಯಾದ ಮೇಲೆ ನುಂಗಿದರೆ ಅರ್ಧ ಕೆಲಸ ವ್ಯರ್ಥ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ, ಎಡಮಗ್ಗುಲಲ್ಲಿ ಮಲಗಿ. ಹೊಟ್ಟೆ ಕರಗಿದಷ್ಟೂ ಉರಿ ತಗ್ಗುತ್ತದೆ. ಎಂಡೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಮಾತ್ರೆ ಇಳಿಸುವ ಬಗ್ಗೆ ವೈದ್ಯರನ್ನು ಕೇಳಿ, ಆದರೆ ಒಮ್ಮೆಲೇ ನಿಲ್ಲಿಸಬೇಡಿ. ಡೆನ್ಮಾರ್ಕಿನಲ್ಲಿ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇದೇ ಬಗೆಯ ಮಾತ್ರೆ ಕೊಟ್ಟು ನಿಲ್ಲಿಸಿದಾಗ ನೂರಕ್ಕೆ ನಲವತ್ನಾಲ್ಕು ಜನರಿಗೆ ಎದೆಯುರಿಯಂಥ ತೊಂದರೆ ಶುರುವಾಯಿತು. ಅದುಮಿಟ್ಟ ಆಮ್ಲ ಕೆಲವು ವಾರ ಹೆಚ್ಚಾಗಿ ಸುರಿಯುತ್ತದೆ. ಮಾತ್ರೆ ಬಿಟ್ಟ ಮೂರನೆಯ ದಿನ ಉರಿ ಬಂತೆಂದರೆ ರೋಗ ಉಲ್ಬಣಿಸಿತು ಎಂದೇ ಅರ್ಥವಲ್ಲ. ದಿನ ಬಿಟ್ಟು ದಿನ, ಆಮೇಲೆ ಬೇಕಾದಾಗ ಮಾತ್ರ, ಹೀಗೆ ಕೆಲವು ವಾರಗಳಲ್ಲಿ ಇಳಿಸಿ.