ಬಾಕ್ಸ್ ಮೇಲೆ 9000 ಲುಮೆನ್ಸ್, ಗೋಡೆ ಮೇಲೆ ಎಷ್ಟು?

ಓದುಗರ ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಆನ್‌ಲೈನಲ್ಲಿ ಏಳು ಸಾವಿರ ಕೊಟ್ಟು ಪ್ರಾಜೆಕ್ಟರ್ ತರಿಸಿದೆ. ಬಾಕ್ಸ್ ಮೇಲೆ 9000 ಲುಮೆನ್ಸ್ ಅಂತಿದೆ. ರಾತ್ರಿ ಪರವಾಗಿಲ್ಲ, ಹಗಲಲ್ಲಿ ಏನೂ ಕಾಣುವುದಿಲ್ಲ. ಕಾಲೇಜಿನಲ್ಲಿ ನೋಡಿದ 3000 ಲುಮೆನ್ಸಿನದ್ದೇ ಎಷ್ಟೋ ಚೆನ್ನಾಗಿತ್ತು. ನನ್ನದು ಕೆಟ್ಟಿದೆಯಾ?

ಪ್ರಾಜೆಕ್ಟರ್ ಸರಿಯಾಗೇ ಇದೆ ಮೇಡಂ, ಬಾಕ್ಸ್ ಮೇಲಿನ ಲೆಕ್ಕ ಸುಳ್ಳು. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರೆಲ್ಲ ಕಷ್ಟಪಟ್ಟು ದುಡಿದ ದುಡ್ಡು ಹಾಕಿದವರೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲುಮೆನ್ಸ್ ಅಂದರೆ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಅನ್ನೋ ಅಳತೆ. ಮೊದಲು ಮನೆಯ ಬಲ್ಬ್ ನೋಡಿ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಸುಮಾರು 900 ಲುಮೆನ್ಸ್ ಕೊಡುತ್ತದೆ, ಅಂದರೆ ವ್ಯಾಟಿಗೆ ನೂರರ ಲೆಕ್ಕ. 9000 ಬೇಕಂದರೆ ಅಂಥ ಹತ್ತು ಬಲ್ಬು, 90 ವ್ಯಾಟ್ ಕರೆಂಟ್. ಈಗ ನಿಮ್ಮ ಪ್ರಾಜೆಕ್ಟರ್ ತಿರುಗಿಸಿ ಕೆಳಗಿನ ಸ್ಟಿಕ್ಕರ್ ಓದಿ. ಫ್ಯಾನು, ಸ್ಪೀಕರ್ ಎಲ್ಲ ಸೇರಿ 60 ವ್ಯಾಟ್ ಆಸುಪಾಸು ಇದ್ದರೆ ಉಳಿದದ್ದನ್ನು ಹೇಳಬೇಕಾಗಿಲ್ಲ, ಅಲ್ವಾ? ಅದೂ ಪ್ರಾಜೆಕ್ಟರ್ ಒಳಗಿನ ಬಲ್ಬಿನ ಬೆಳಕೆಲ್ಲ ಗೋಡೆಗೆ ಬರುವುದಿಲ್ಲ. ಈ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಚಿತ್ರ ಮೂಡಿಸೋಕೆ ಒಂದೇ ಎಲ್‌ಸಿಡಿ ಗಾಜು ಇರುತ್ತದೆ. ಅದರ ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪದರ, ಅರ್ಧ ಬೆಳಕನ್ನು ನುಂಗುತ್ತದೆ, ಕೆಂಪು-ಹಸಿರು-ನೀಲಿ ಫಿಲ್ಟರು ಉಳಿದದ್ದರಲ್ಲಿ ಮೂರನೇ ಎರಡು ಪಾಲು ತಡೆಯುತ್ತದೆ, ಆಮೇಲೆ ಲೆನ್ಸಿನ ಪಾಲು ಬೇರೆ. ಆರಲ್ಲಿ ಒಂದು ಪಾಲೂ ಹೊರಗೆ ಬರುವುದಿಲ್ಲ. ಬಾಕ್ಸಿನವರು ಒಳಗಿನ ಬಲ್ಬಿನದ್ದೋ, ಬಾಯಿಗೆ ಬಂದದ್ದೋ ಒಂದು ಸಂಖ್ಯೆ ಹಾಕಿಬಿಡುತ್ತಾರೆ.

ಸರಿಯಾದ ಅಳತೆ ಅಂತ ಒಂದಿದೆ. 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಅದನ್ನು ಗೊತ್ತು ಮಾಡಿತು, ಆನ್ಸಿ ಲುಮೆನ್ಸ್ ಅನ್ನೋ ಹೆಸರು ಬಂದದ್ದು ಅಲ್ಲಿಂದ. ವಿಧಾನ ತುಂಬಾ ಸುಲಭ. ಪೂರ್ತಿ ಬಿಳಿ ಚಿತ್ರ ಬಿಡಬೇಕು, ಅದನ್ನು ಮೂರು ಅಡ್ಡ ಮೂರು ಉದ್ದ ಅಂತ ಒಂಬತ್ತು ಮನೆ ಮಾಡಿ, ಒಂದೊಂದು ಮನೆಯ ನಡುವೆ ಎಷ್ಟು ಲಕ್ಸ್ (ಅಂದರೆ ಒಂದು ಚದರ ಮೀಟರಿಗೆ ಎಷ್ಟು ಲುಮೆನ್ಸ್) ಬಿದ್ದಿದೆ ಅಂತ ಅಳೆದು, ಸರಾಸರಿ ತೆಗೆದು, ಚಿತ್ರದ ಚದರ ಮೀಟರಿನಿಂದ ಗುಣಿಸಬೇಕು. ಅಷ್ಟೇ.

ಇದನ್ನು ನಾನು ಪಕ್ಕದ ಮನೆಯವರ ಪ್ರಾಜೆಕ್ಟರ್ ಮೇಲೆ ಮಾಡಿ ನೋಡಿದೆ, ಅದರ ಬಾಕ್ಸ್ ಮೇಲೂ 9000 ಅಂತಲೇ ಇತ್ತು. ರಾತ್ರಿ ಲೈಟ್ ಆರಿಸಿ, ಸುಣ್ಣ ಬಳಿದ ಗೋಡೆ ಮೇಲೆ ಪೆನ್ಸಿಲ್ಲಿನಿಂದ ಒಂಬತ್ತು ಗುರುತು ಹಾಕಿದೆವು. ಫೋನಿನ ಲಕ್ಸ್ ಮೀಟರ್ ಆ್ಯಪ್ ಸಾಕಾಯಿತು. ಸೆನ್ಸರ್ ಇರೋದು ಫೋನಿನ ಮುಂಭಾಗದಲ್ಲಿ, ಕಿವಿಗೆ ಹಿಡಿಯುವ ಜಾಗದ ಹತ್ತಿರ. ಹಾಗಾಗಿ ಫೋನಿನ ಬೆನ್ನು ಗೋಡೆಗೆ, ಮುಖ ಪ್ರಾಜೆಕ್ಟರಿಗೆ. ನಡುವೆ 96 ಲಕ್ಸ್ ಬಂತು, ಮೂಲೆಗಳಲ್ಲಿ 50ರ ಸುತ್ತಮುತ್ತ. ಸರಾಸರಿ 68. ಚಿತ್ರ ನೂರು ಇಂಚಿನದ್ದು, 2.7 ಚದರ ಮೀಟರ್. ಗುಣಿಸಿದರೆ 184 ಲುಮೆನ್ಸ್. ಫೋನಿನ ಅಳತೆ ಕರಾರುವಾಕ್ಕಲ್ಲ ನಿಜ, ಆದರೆ ಐವತ್ತು ಪಟ್ಟು ತಪ್ಪಲು ಸಾಧ್ಯವೇ ಇಲ್ಲ. ನಿಮ್ಮದೂ ಇಂಥದ್ದೇ ಆದರೆ ಕಾಲೇಜಿನ 3000 ಮುಂದೆ ಮಂಕಾಗಿದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಒಳ್ಳೆಯ ಕಂಪನಿಗಳು ಐಎಸ್‌ಒ 21118 ಅನ್ನೋ ಮಾನಕ ಹಾಕುತ್ತವೆ. 2005ರಲ್ಲಿ ಬಂತು, 2020ರಲ್ಲಿ ಪರಿಷ್ಕರಣೆ ಆಯಿತು. ಇಲ್ಲೂ ಒಂಬತ್ತು ಕಡೆಯೇ ಅಳೆಯೋದು. ಬರೆದ ಸಂಖ್ಯೆಯ 80 ಶೇಕಡಕ್ಕಿಂತ ಕಮ್ಮಿ ಬೆಳಕಿನ ಪೀಸು ಹೊರಗೆ ಹೋಗಬಾರದು ಅನ್ನೋ ನಿಯಮವೂ ಇದೆ. ಚೀನಾದ ವಿಡಿಯೋ ಉದ್ಯಮ ಸಂಘದ ಸಿವಿಐಎ ಲುಮೆನ್ಸನ್ನೂ ನಂಬಬಹುದು. ಬರೀ ‘ಲುಮೆನ್ಸ್’, ‘ಎಲ್‌ಇಡಿ ಲುಮೆನ್ಸ್’, ‘ಲಕ್ಸ್’ ಅಂತ ಇದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ.

ಇನ್ನು ಹಗಲಿನ ಮಾತು. ಪ್ರಾಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಅದು ಬೆಳಕನ್ನಷ್ಟೇ ಬಿಡುತ್ತದೆ, ಕಪ್ಪು ಅಂತ ನಾವು ನೋಡೋದು ಬೆಳಕು ಬೀಳದ ಗೋಡೆಯನ್ನು. ಕಿಟಕಿಯಿಂದ ಗೋಡೆಗೆ 150 ಲಕ್ಸ್ ಬರುತ್ತಿದ್ದರೆ ನಿಮ್ಮ ‘ಕಪ್ಪು’ 150, ‘ಬಿಳಿ’ 150 ಮತ್ತು 68 ಸೇರಿ 218. ಒಂದೂವರೆ ಪಟ್ಟು ವ್ಯತ್ಯಾಸವೂ ಇಲ್ಲ, ಅಕ್ಷರ ಕಾಣೋದು ಹೇಗೆ? ನಿಜವಾದ 3000 ಲುಮೆನ್ಸ್ ಆದರೆ ಅದೇ ಗೋಡೆ ಮೇಲೆ ಎಂಟು ಪಟ್ಟು.

ಹಾಗಂತ ಈಗಲೇ ಹೊಸದು ಕೊಳ್ಳಬೇಡಿ. ಪ್ರಾಜೆಕ್ಟರನ್ನು ಮುಂದೆ ತಂದು ಚಿತ್ರವನ್ನು 60 ಇಂಚಿಗೆ ಇಳಿಸಿ. ಜಾಗ ಒಂದು ಚದರ ಮೀಟರಿಗೆ ಇಳಿಯುತ್ತದೆ, 184 ಲಕ್ಸ್ ಅಲ್ಲೇ ಒಟ್ಟಾಗುತ್ತದೆ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಎಲ್ಲ ಕಿಟಕಿ ಮುಚ್ಚಿ ಮಕ್ಕಳನ್ನು ಕೂರಿಸೋಕೆ ಆಗಲ್ಲ, ಗೊತ್ತು. ಗೋಡೆಗೆ ನೇರ ಬೆಳಕು ಹೊಡೆಯುವ ಕಿಟಕಿಗೆ ಮಾತ್ರ ದಪ್ಪ ಪರದೆ ಹಾಕಿ, ಹಿಂದಿನ ಬಾಗಿಲು ತೆರೆದಿರಲಿ. ಗೋಡೆ ಮೇಲಿನ ಹೊರಬೆಳಕು 20 ಲಕ್ಸಿಗೆ ಬಂದರೆ ನಿಮಗೂ ಹತ್ತು ಪಟ್ಟು ಸಿಗುತ್ತದೆ.

ಮುಂದೆ ಯಾವತ್ತಾದರೂ ಕೊಳ್ಳುವಾಗ ಅಂಗಡಿಯವರಿಗೆ ಆನ್ಸಿ ಅಥವಾ ಐಎಸ್‌ಒ ಲುಮೆನ್ಸ್ ಎಷ್ಟು ಅಂತ ಬಿಲ್ ಮೇಲೆ ಬರೆದು ಕೊಡಲು ಹೇಳಿ. ಗೋಡೆ ಮೇಲೆ ಬರೀ ಬಿಳಿ ಚಿತ್ರ ಬಿಟ್ಟು ತೋರಿಸಿದರೆ ಒಪ್ಪಬೇಡಿ. ಕೆಲವು ಡಿಎಲ್‌ಪಿ (ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ) ಪ್ರಾಜೆಕ್ಟರುಗಳಲ್ಲಿ ಬಣ್ಣ ಕೊಡಲು ತಿರುಗುವ ಚಕ್ರದಲ್ಲಿ ಬಿಳಿಗೆ ಅಂತಲೇ ಒಂದು ತುಂಡು ಇರುತ್ತದೆ. ಬಿಳಿ ಜೋರಾಗಿ ಹೊಳೆಯುತ್ತದೆ, ಬಣ್ಣಗಳು ಮಾತ್ರ ಸಪ್ಪೆ. ಅಂಗಡಿಯ ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಕರ್ನಾಟಕದ ಜಿಲ್ಲಾ ನಕ್ಷೆ ಹಾಕಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ದಾವಣಗೆರೆಯ ಬಣ್ಣ ಯಾವುದು, ಚಿತ್ರದುರ್ಗದ್ದು ಯಾವುದು ಅಂತ ಕಣ್ಣು ಕಿರಿದು ಮಾಡದೆ ಹೇಳೋಕಾದರೆ ದುಡ್ಡು ಕೊಡಿ.