ಗಿಡವೆಂದುಕೊಂಡ ಪ್ರಾಣಿಗೆ ಹೆಸರಿಡುವ ಬಗೆ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಹೈಡ್ರಾ ಹಳೆಯ ಪರಿಚಯ. ಕೆರೆಯ ಜೊಂಡಿಗೆ ಅಂಟಿಕೊಂಡು, ಕರಬಳ್ಳಿ ಚಾಚಿ ನೀರುಚಿಗಟ ಹಿಡಿಯುವ, ಕೆಲವೇ ಮಿಲಿಮೀಟರ್ ಉದ್ದದ ಈ ಪ್ರಾಣಿಯ ಮೈಯಲ್ಲಿ ಮೂಡಿದ ಮೊಗ್ಗು ಬಲಿತ ಮೇಲೆ ತಾಯಿಯನ್ನು ಬಿಟ್ಟು ಹೋಗುತ್ತದೆ. ಕಡಲಿನಲ್ಲಿರುವ ಅದರ ನೆಂಟರಾದ ಹೈಡ್ರಾಯ್ಡ್‌ಗಳಲ್ಲಿ ಬಹುಪಾಲಿನವು ಹಾಗೆ ಬಿಡಿಸಿಕೊಳ್ಳುವುದಿಲ್ಲ. ಮೊಗ್ಗಿನ ಮೇಲೆ ಮೊಗ್ಗು ಕೂಡಿ, ಒಂದು ತಿಂದದ್ದು ಎಲ್ಲಕ್ಕೂ ಹಂಚಿಕೆಯಾಗುವ ಒಟ್ಟು ಕುಟುಂಬವೊಂದು ಪುಟ್ಟ ಜರೀಗಿಡದಂತೆ ಬೆಳೆಯುತ್ತದೆ.

ಆ ರೂಪವೇ ವಿದ್ವಾಂಸರನ್ನು ಬಹುಕಾಲ ದಾರಿ ತಪ್ಪಿಸಿತು. ಗಿಡಗಳೆಂದೇ ಎಣಿಸಲಾಗಿದ್ದ ಇವು ಪ್ರಾಣಿಗಳೆಂದು ಇಂಗ್ಲೆಂಡಿನ ಜಾನ್ ಎಲ್ಲಿಸ್ 1755ರಲ್ಲಿ ವಾದಿಸಿದರು. ಮೂರು ವರ್ಷಗಳ ನಂತರ, ಜೀವಿಗಳನ್ನು ವರ್ಗೀಕರಿಸಿ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಇವನ್ನು ಪ್ರಾಣಿಗಳ ಪಟ್ಟಿಗೆ ಸೇರಿಸಿದರೂ ‘ಸಸ್ಯಪ್ರಾಣಿ’ ಎಂಬ ನಡುವಿನ ಜಾಗದಲ್ಲಿಯೇ ಇರಿಸಿದರು.

ಆಳಗಡಲಿನ ಕಥೆ ಶುರುವಾದದ್ದು ಇನ್ನೂ ತಡವಾಗಿ. ಸುಮಾರು 550 ಮೀಟರ್‌ಗಿಂತ ಕೆಳಗೆ ಜೀವವೇ ಇರಲಾರದೆಂದು ಬ್ರಿಟಿಷ್ ಪ್ರಕೃತಿವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1840ರ ದಶಕದಲ್ಲಿ ಊಹಿಸಿದ್ದರು. 1860ರಲ್ಲಿ ಮೆಡಿಟರೇನಿಯನ್ ಸಮುದ್ರದ ತಳದಿಂದ, ಸುಮಾರು 2,000 ಮೀಟರ್ ಆಳದಿಂದ, ಮೇಲೆತ್ತಿದ ಟೆಲಿಗ್ರಾಫ್ ಕೇಬಲ್ಲಿಗೆ ಪ್ರಾಣಿಗಳು ಅಂಟಿಕೊಂಡೇ ಬಂದವು. 1872ರಿಂದ 1876ರವರೆಗೆ ಕಡಲ ಸಂಶೋಧನೆಗಾಗಿ ಸಂಚರಿಸಿದ ಬ್ರಿಟನ್ನಿನ ಚಾಲೆಂಜರ್ ಹಡಗು ತಂದ ಹೈಡ್ರಾಯ್ಡ್‌ಗಳನ್ನು ಜಾರ್ಜ್ ಆಲ್ಮನ್ ಎರಡು ಸಂಪುಟಗಳಲ್ಲಿ ವಿವರಿಸಿದರು. ನಮ್ಮ ಕಡಲುಗಳಲ್ಲಿ ಆ ಕೆಲಸ ಮಾಡಿದ್ದು ಇನ್ವೆಸ್ಟಿಗೇಟರ್ ಹಡಗು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್‌ನ ಆಳಗಡಲ ಹೈಡ್ರಾಯ್ಡ್‌ಗಳ ಕುರಿತು ಜೇಮ್ಸ್ ರಿಚಿ 1910ರಲ್ಲಿ ಬರೆದರು. ಆ ಸಂಗ್ರಹಗಳನ್ನು ಮುಂದೆ ವಹಿಸಿಕೊಂಡ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯವೂ ನಮ್ಮ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿದ್ದು 1916ರ ಜುಲೈ ತಿಂಗಳಿನಲ್ಲಿಯೇ ಎಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಹೊಸ ಪ್ರಭೇದವೆಂದು ಹೇಳುವುದು ಏಕೆ ಕಷ್ಟವೆಂಬುದು ಮಾದರಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ತಿಳಿಯುತ್ತದೆ. ತಳ ಕೆರೆಯುವ ಬಲೆಯಲ್ಲಿ ಬರುವುದು ಹೆಚ್ಚಾಗಿ ಮುರಿದ ಕೊಂಬೆ. ಪಾಲಿಪ್, ಅಂದರೆ ಮೊಗ್ಗಾಗಿ ಮೂಡಿ ಬಲಿತ ಒಂದೊಂದು ಸದಸ್ಯ, ಕುಳಿತುಕೊಳ್ಳುವ ಬಟ್ಟಲಿನ ಆಕಾರ, ಅದರ ಅಂಚಿನ ಹಲ್ಲುಗಳು, ಕವಲೊಡೆಯುವ ಕ್ರಮ, ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ಅಳೆಯುವ ಕುಟುಕು ಕೋಶಗಳು ಎಲ್ಲವನ್ನೂ ದಾಖಲಿಸಿದರೂ, ಸಂತಾನದ ಕಾಲದಲ್ಲಿ ಮಾತ್ರ ಮೂಡುವ, ಸಂತಾನೋತ್ಪತ್ತಿಯ ಪುಟ್ಟ ಕರಂಡಕ ಸಿಗದಿದ್ದರೆ ಅದು ಯಾವ ಕುಲಕ್ಕೆ ಸೇರಿದ್ದೆಂಬ ಪ್ರಶ್ನೆ ಎಷ್ಟೋ ಸಲ ಹಾಗೆಯೇ ಉಳಿದುಬಿಡುತ್ತದೆ. ಕೆಲವು ಹೈಡ್ರಾಯ್ಡ್‌ಗಳು ಪುಟ್ಟ ಜೆಲ್ಲಿ ಮೀನುಗಳನ್ನು ಹಡೆದು ನೀರಿಗೆ ಬಿಡುವುದರಿಂದ ಇನ್ನೊಂದು ತೊಡಕೂ ಹುಟ್ಟಿತು: ಪಾಲಿಪ್‌ಗೆ ಒಬ್ಬರು, ಜೆಲ್ಲಿ ಮೀನಿಗೆ ಇನ್ನೊಬ್ಬರು ಬೇರೆ ಬೇರೆ ಹೆಸರಿಟ್ಟಿದ್ದರು. ಎರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ತಿಳಿದಾಗ ಸಾಮಾನ್ಯವಾಗಿ ಮೊದಲು ಪ್ರಕಟವಾದ ಹೆಸರೇ ನಿಲ್ಲುತ್ತದೆ. ಹಾಗಾಗಿ ವಿವರಣಕಾರರು ಎರಡು ಪ್ರತ್ಯೇಕ ಪರಂಪರೆಗಳ ಬರಹಗಳನ್ನೂ ಓದಲೇಬೇಕು.

ಈಗ ಡಿಎನ್‌ಎ ಹೋಲಿಕೆಯೂ ಜೊತೆಗಿದೆ. ಆದರೆ ಫಾರ್ಮಲಿನ್‌ನಲ್ಲಿಟ್ಟ ಹಳೆಯ ಮಾದರಿಗಳ ಡಿಎನ್‌ಎ ಕೆಟ್ಟಿರುವುದರಿಂದ, ಹಡಗಿನಲ್ಲಿಯೇ ಒಂದು ತುಂಡನ್ನು ಆಲ್ಕೋಹಾಲಿನಲ್ಲಿ ಎತ್ತಿಡಬೇಕಾಗುತ್ತದೆ. 2000ದಿಂದೀಚೆಗೆ ಹೊಸ ಪ್ರಭೇದದ ಹೆಸರು ಊರ್ಜಿತವಾಗಲು ಆ ಹೆಸರನ್ನು ಹೊರುವ ಮಾದರಿ ಯಾವುದೆಂದು ಖಚಿತವಾಗಿ ಸೂಚಿಸಬೇಕು. ನೂರಾರು ಪಾಲಿಪ್‌ಗಳ ಈ ಕುಟುಂಬದಲ್ಲಿ ಒಂದು ಪ್ರಾಣಿ ಎಂದರೆ ಯಾವುದು? ನಾಮಕರಣದ ಅಂತರರಾಷ್ಟ್ರೀಯ ನಿಯಮ ಇದಕ್ಕೂ ಉತ್ತರ ಕೊಟ್ಟಿದೆ: ಇಡೀ ಕುಟುಂಬವನ್ನಾಗಲಿ, ಅದರ ಒಂದು ತುಂಡನ್ನಾಗಲಿ ಮಾದರಿಯೆಂದು ಒಪ್ಪಬಹುದು. ಆ ತುಂಡು ಸಂಗ್ರಹಾಲಯದ ಸೀಸೆಯೊಳಗೆ, ಸಿಕ್ಕ ಜಾಗ, ಆಳ ಮತ್ತು ದಿನಾಂಕ ಬರೆದ ಚೀಟಿಯೊಂದಿಗೆ, ಮುಂದೆ ಅದನ್ನು ಹೋಲಿಸಿ ನೋಡಲು ಬರುವವರಿಗಾಗಿ ಇರುತ್ತದೆ.