ಮೆರಿಯಾನ್‌ನ ಪ್ಯಾರಿಸ್ ಎಚಿಂಗ್‌ಗಳಲ್ಲಿ ಬೀದಿ ಬದುಕು: ನೋಡುವ ಕ್ರಮ

ಷಾರ್ಲ್ ಮೆರಿಯಾನ್ (1821–1868) ನೌಕಾಪಡೆ ಬಿಟ್ಟು ಕಲೆಗೆ ಬಂದವನು. ಬಣ್ಣಗುರುಡು ಇದ್ದದ್ದರಿಂದ ಕಪ್ಪು-ಬಿಳುಪಿನ ಎಚಿಂಗ್ ಹಿಡಿದ; ಅಂದರೆ ತಗಡಿನಲ್ಲಿ ಆಮ್ಲದಿಂದ ಕೊರೆದ ಗೆರೆಗಳಿಗೆ ಮಸಿ ತುಂಬಿ ಕಾಗದಕ್ಕೆ ಅಚ್ಚೊತ್ತುವ ಕಲೆ. 1850ರಿಂದ 1854ರ ನಡುವೆ ಮಾಡಿದ ಪ್ಯಾರಿಸ್ ಚಿತ್ರಗಳಲ್ಲಿ ಕಟ್ಟಡಗಳೇ ದೊಡ್ಡವು, ಜನ ತೀರಾ ಚಿಕ್ಕವರು. ಆದ್ದರಿಂದ ಭೂತಗನ್ನಡಿ ಹಿಡಿದು ಚಿತ್ರದ ಕೆಳಭಾಗದಿಂದ ನೋಡುತ್ತಾ ಬನ್ನಿ.

1854ರ 'ಲಾ ಮೋರ್ಗ್' ತೆಗೆದುಕೊಳ್ಳಿ. ಗುರುತು ಸಿಗದ ಹೆಣಗಳನ್ನು ಸಾರ್ವಜನಿಕರಿಗೆ ತೋರಿಸಲು ಇಡುತ್ತಿದ್ದ ಶವಾಗಾರ ಅದು, ಸೇನ್ ನದಿಯ ದಂಡೆಯಲ್ಲಿತ್ತು. ನದಿಯಿಂದ ತೆಗೆದ ದೇಹವನ್ನು ಹೊತ್ತು ತರುತ್ತಿದ್ದಾರೆ, ಹೆಂಗಸೊಬ್ಬಳು ಗೋಳಾಡುತ್ತಿದ್ದಾಳೆ, ಮೇಲೆ ಕಟ್ಟೆಗೆ ಒರಗಿ ಜನ ಇಣುಕುತ್ತಿದ್ದಾರೆ. ಚಿಮಣಿಗಳ ಹೊಗೆ ಮಾತ್ರ ಎಂದಿನಂತೆ ಏಳುತ್ತಿದೆ. ಸಾವು ಆ ಬೀದಿಯ ದಿನನಿತ್ಯದೊಳಗೇ ನಡೆಯುತ್ತದೆ. ಈ ಚಿತ್ರದ ಬಲ ಅಲ್ಲಿದೆ.

ಈ ಚಿತ್ರಗಳಲ್ಲಿ ಕಟ್ಟಡಗಳ ಕಿಟಕಿಗಳಿಗೆ ಅಷ್ಟು ಕಪ್ಪು ಬಂದದ್ದು ಹೇಗೆ? ತಾಮ್ರದ ತಗಡಿಗೆ ಮೇಣದ ಗ್ರೌಂಡ್ (ಆಮ್ಲ ತಾಗದಂತೆ ತಡೆಯುವ ಲೇಪ) ಹಚ್ಚಿ, ಹೊಗೆ ಹಿಡಿಸಿ, ಸೂಜಿಯಿಂದ ಗೀರುತ್ತಾರೆ. ತಾಮ್ರ ಕಂಡಲ್ಲಿ ಮಾತ್ರ ಆಮ್ಲ ತಿನ್ನುತ್ತದೆ. ಗೆರೆಯ ಆಳವನ್ನು ತೀರ್ಮಾನಿಸುವುದು ಕೈಯ ಒತ್ತಡವಲ್ಲ, ಆಮ್ಲದಲ್ಲಿ ಕಳೆದ ಸಮಯ. ಆಕಾಶದ ತೆಳು ಗೆರೆಗಳು ಸಾಕಷ್ಟು ತಿಂದ ಮೇಲೆ ತಗಡನ್ನು ಎತ್ತಿ, ಅವಕ್ಕೆ ವಾರ್ನಿಷ್ ಬಳಿದು ಮುಚ್ಚಿ, ಉಳಿದದ್ದನ್ನು ಮತ್ತೆ ಮುಳುಗಿಸಬೇಕು. ನೆರಳಿನ ಅಡ್ಡಗೆರೆಗಳು ತೀರಾ ಒತ್ತಾಗಿದ್ದು ಹೆಚ್ಚು ಹೊತ್ತು ಬಿಟ್ಟರೆ ನಡುವಿನ ತಾಮ್ರವೇ ಕುಸಿಯುತ್ತದೆ. ಅಗಲ ಹಳ್ಳದಲ್ಲಿ ಮಸಿ ನಿಲ್ಲದೆ, ಕಪ್ಪು ಬೇಕಾದಲ್ಲಿ ಬೂದು ಬಣ್ಣದ ತೇಪೆ ಅಚ್ಚಾಗುತ್ತದೆ. ನೈಟ್ರಿಕ್ ಆಮ್ಲವಾದರೆ ಗೆರೆ ಮೇಲೆ ಕೂತ ಗುಳ್ಳೆಗಳನ್ನು ಹಕ್ಕಿಗರಿಯಿಂದ ಸರಿಸುತ್ತಿರಬೇಕು, ಇಲ್ಲದಿದ್ದರೆ ಗೆರೆ ಒಂದೇ ಸಮನಾಗಿ ಬರುವುದಿಲ್ಲ.

ಚಿತ್ರವನ್ನು ಬೀದಿಯ ದಾಖಲೆಯಾಗಿ ಬಳಸುವಾಗ ಎಚ್ಚರ ಬೇಕು. ತಗಡಿನ ಮೇಲೆ ಬರೆದದ್ದು ಕಾಗದದಲ್ಲಿ ಎಡ-ಬಲ ಅದಲುಬದಲಾಗುತ್ತದೆ. ಲಂಡನ್ನಿನಲ್ಲಿ ಅಮೆರಿಕನ್ ಕಲಾವಿದ ವಿಸ್ಲರ್ 1859ರಲ್ಲಿ ಥೇಮ್ಸ್ ದಂಡೆಯ ದೃಶ್ಯಗಳನ್ನು ನೇರ ತಗಡಿನ ಮೇಲೇ ಬರೆದ, ಹಾಗಾಗಿ ಅವು ತಿರುವುಮುರುವಾಗಿಯೇ ಅಚ್ಚಾದವು. ಮೆರಿಯಾನ್ ದಿಕ್ಕು ಸರಿ ಇಟ್ಟರೂ ಅಳತೆ ಬದಲಿಸುತ್ತಾನೆ: 'ಪೆಟಿ ಪೋಂ' ಎಂಬ ಸೇತುವೆಯ ಚಿತ್ರದಲ್ಲಿ ನಾತ್ರ್ ದಾಮ್ ಚರ್ಚಿನ ಗೋಪುರಗಳು ಸೇತುವೆಯ ಬಳಿ ನಿಂತವರ ಕಣ್ಣಿಗೆ ಕಾಣುವುದಕ್ಕಿಂತ ಎತ್ತರ.

ಒಂದೇ ತಗಡಿನ ಬೇರೆ ಬೇರೆ ಸ್ಟೇಟ್‌ಗಳೂ (ತಗಡನ್ನು ತಿದ್ದಿದ ಒಂದೊಂದು ಹಂತದಲ್ಲಿ ತೆಗೆದ ಅಚ್ಚುಗಳು) ಒಂದೇ ಅಲ್ಲ. 'ಪೋಂತೋಶಾಂಜ್' ಸೇತುವೆಯ ಚಿತ್ರದಲ್ಲಿ ಮೊದಲು ಆಕಾಶದಲ್ಲಿ ಬಲೂನು ತೇಲುತ್ತಿತ್ತು. ಮುಂದೆ ಅದನ್ನು ಉಜ್ಜಿ ತೆಗೆದು ಹಕ್ಕಿಗಳ ಹಿಂಡು ಕೆತ್ತಿದ. ಟಿಪ್ಪಣಿ ಬರೆಯುವಾಗ ಹೆಸರು, ವರ್ಷದ ಜೊತೆ ನೀವು ನೋಡಿದ್ದು ಎಷ್ಟನೇ ಸ್ಟೇಟ್ ಎಂಬುದನ್ನೂ ತಪ್ಪದೆ ಬರೆದುಕೊಳ್ಳಿ.